ಕಾವಲಿಗೆ ಬಿಡುವು ಕೊಟ್ಟಾಗ

ಒಂದು ಕಾಲದಲ್ಲಿ ಬ್ಯಾಂಕಿಗೂ ರಾತ್ರಿ ಎಂಬುದಿತ್ತು. ಸಂಜೆಯಾದರೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸುವ ನೆಫ್ಟ್ ನಿಲ್ಲುತ್ತಿತ್ತು; ಭಾನುವಾರವೂ ಎರಡನೇ, ನಾಲ್ಕನೇ ಶನಿವಾರವೂ ಅದಕ್ಕೆ ರಜೆ. ಶುಕ್ರವಾರ ಮರೆತ ಮನೆ ಬಾಡಿಗೆ ಸೋಮವಾರ ತಲುಪಿದರೆ ಮಾಲೀಕರೂ ಗೊಣಗುತ್ತಿರಲಿಲ್ಲ, ಅವರಿಗೂ ಗೊತ್ತಿತ್ತಲ್ಲ. 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲೂ ರಾತ್ರಿ ನಡೆಯತೊಡಗಿತು. ಮರುವರ್ಷ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಕೂಡ ಅದೇ ದಾರಿ ಹಿಡಿಯಿತು. ದಿನದ ಲೆಕ್ಕ ಮುಚ್ಚಿ ಮರುದಿನದ ಲೆಕ್ಕ ತೆರೆಯುವ ನಡುವಿನ ಸಣ್ಣ ಬಿಡುವೊಂದೇ ಅದಕ್ಕೆ ಉಳಿದದ್ದು. ನಡುರಾತ್ರಿ ಮಗಳ ಹಾಸ್ಟೆಲಿಗೆ ದುಡ್ಡು ಕಳಿಸಬೇಕಾದ ನಮಗೆ ಇದು ದೊಡ್ಡ ಅನುಕೂಲ. ಆದರೆ ಆ ಕಡೆಯಿರುವ ಯಂತ್ರಗಳಿಗೆ ಮೈ ತೊಳೆಯಲು ಹೊತ್ತೇ ಉಳಿಯಲಿಲ್ಲ. ಅವುಗಳ ತಂತ್ರಾಂಶಕ್ಕೆ ತಿಂಗಳು ತಿಂಗಳು ತೇಪೆ ಹಾಕಬೇಕು, ಹಳೆಯ ಡಿಸ್ಕ್ ಬದಲಿಸಬೇಕು, ಸಡಿಲವಾದ ಕೇಬಲ್ ಕಿತ್ತು ಹೊಸದನ್ನು ಸಿಕ್ಕಿಸಬೇಕು. ಇಷ್ಟೆಲ್ಲ ಮಾಡುವಾಗಲೂ ನಮ್ಮ ದುಡ್ಡು ಮಾತ್ರ ನಿಲ್ಲದೆ ಹರಿಯುತ್ತಿರಬೇಕು.

ಇಂಥ ಸೇವೆಗಳ ಹಿಂದೆ ಒಂಟಿ ಕಂಪ್ಯೂಟರ್ ಇರುವುದಿಲ್ಲ. ಎರಡೋ ಮೂರೋ ಸರ್ವರ್‌ಗಳನ್ನು ಜೋಡಿಸಿ ಗುಂಪು ಕಟ್ಟಿರುತ್ತಾರೆ, ಅದೇ ಕ್ಲಸ್ಟರ್. ಒಂದು ಬಿದ್ದರೆ ಇನ್ನೊಂದು ಅದರ ಕೆಲಸಕ್ಕೆ ಹೆಗಲು ಕೊಡಬೇಕು, ಹೊರಗಿನವರಿಗೆ ಸುಳಿವೂ ಸಿಗಬಾರದು. ವಿಚಾರ ಹೊಸದೇನಲ್ಲ. ಅಮೆರಿಕದ ಟ್ಯಾಂಡೆಮ್ ಕಂಪನಿ 1974ರಲ್ಲಿ ಹುಟ್ಟಿದ್ದೇ ನಿಲ್ಲದ ಕಂಪ್ಯೂಟರ್ ಮಾಡಲು, ಅದರ ಮೊದಲ ಯಂತ್ರ 1976ರಲ್ಲಿ ಹೋದದ್ದು ಸಿಟಿಬ್ಯಾಂಕಿಗೆ. ಇಂದು ಲಿನಕ್ಸ್ ಸರ್ವರ್‌ಗಳಲ್ಲಿ ಈ ಕಾವಲು ಕಾಯುವ ತಂತ್ರಾಂಶಗಳಲ್ಲಿ ಹೆಸರಾದದ್ದು ಪೇಸ್‌ಮೇಕರ್. ಅದರ ಸಂಗಾತಿ ಕೋರೋಸಿಂಕ್. ಇದ್ದೀಯಾ, ಇದ್ದೇನೆ ಎಂದು ಯಂತ್ರಗಳ ನಡುವೆ ಬಿಡದೆ ಕೂಗಾಡಿಸುವುದು ಕೋರೋಸಿಂಕ್‌ನ ಕೆಲಸ. ಡೇಟಾಬೇಸ್ ಓಡುತ್ತಿದೆಯೇ, ಡಿಸ್ಕ್ ಕೈಗೆ ಸಿಗುತ್ತಿದೆಯೇ, ಹೊರಗಿನವರು ಹುಡುಕಿಕೊಂಡು ಬರುವ ವಿಳಾಸ ಸರಿಯಾದ ಯಂತ್ರದ ಮೇಲಿದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುವುದು ಪೇಸ್‌ಮೇಕರ್‌ನ ಕೆಲಸ.

ಈ ಕಾವಲುಗಾರನ ನಿಷ್ಠೆಯಲ್ಲಿ ಕುಂದಿಲ್ಲ, ತಾಳ್ಮೆ ಮಾತ್ರ ಕಡಿಮೆ. ಡೇಟಾಬೇಸ್ ಉತ್ತರ ಕೊಡಲಿಲ್ಲವೋ, ಎಬ್ಬಿಸಿ ನೋಡುತ್ತದೆ. ಏಳಲಿಲ್ಲವೋ, ಪಕ್ಕದ ಸರ್ವರ್‌ನಲ್ಲಿ ಹೊಸದಾಗಿ ಶುರು ಮಾಡುತ್ತದೆ. ಒಂದು ಸರ್ವರ್‌ನ ಸದ್ದೇ ಅಡಗಿತೋ, ಸತ್ತಿದೆಯೋ ಬದುಕಿದೆಯೋ ಎಂದು ಯೋಚಿಸುತ್ತ ಕೂರುವುದಿಲ್ಲ, ಅದರ ವಿದ್ಯುತ್ತನ್ನೇ ಕತ್ತರಿಸಿಬಿಡುತ್ತದೆ. ಕ್ರೂರವೆನಿಸಿದರೂ ಇದರಲ್ಲಿ ಅರ್ಥವಿದೆ: ಸತ್ತಿತೆಂದುಕೊಂಡದ್ದು ನಿಜಕ್ಕೂ ಬದುಕಿದ್ದು, ಇಬ್ಬರೂ ಒಂದೇ ಡಿಸ್ಕಿನ ಮೇಲೆ ಬರೆಯತೊಡಗಿದರೆ ಖಾತೆದಾರರ ಲೆಕ್ಕ ಯಾವ ದೇವರಿಗೂ ಹೊಂದಿಸಲಾಗದಂತೆ ಕೆಡುತ್ತದೆ. ಫೆನ್ಸಿಂಗ್ ಎಂದು ಎಂಜಿನಿಯರರು ಕರೆಯುವ ಈ ನಿರ್ದಾಕ್ಷಿಣ್ಯವೇ ಕ್ಲಸ್ಟರ್‌ನ ಬೆನ್ನೆಲುಬು.

ತೊಂದರೆ ಇರುವುದು ಬೇರೆಡೆ. ರೋಗಕ್ಕೂ ಚಿಕಿತ್ಸೆಗೂ ಇರುವ ಭೇದ ಅದಕ್ಕೆ ತಿಳಿಯದು. ಡೇಟಾಬೇಸ್ ತಾನಾಗಿ ಬಿತ್ತೋ, ತೇಪೆ ಹಾಕಲೆಂದು ನಾವೇ ನಿಲ್ಲಿಸಿದೆವೋ, ಎರಡೂ ಅದರ ಕಣ್ಣಿಗೆ ಒಂದೇ. ನಾವು ಹಳೆಯ ಆವೃತ್ತಿ ತೆಗೆದು ಹೊಸದನ್ನು ಅರ್ಧ ಕೂರಿಸಿರುವಾಗಲೇ ಅದು ಓಡಿಬಂದು ಡೇಟಾಬೇಸನ್ನು ಎಬ್ಬಿಸಲು ನೋಡುತ್ತದೆ. ನೆಟ್‌ವರ್ಕ್ ಸ್ವಿಚ್ ಬದಲಿಸಲು ಕೇಬಲ್ ಕಿತ್ತ ಕ್ಷಣಕ್ಕೆ ಎರಡು ಸರ್ವರ್‌ಗಳೂ ಒಂದನ್ನೊಂದು ಸತ್ತವೆಂದು ಬಗೆಯುತ್ತವೆ, ಒಂದು ಇನ್ನೊಂದರ ವಿದ್ಯುತ್ ಕತ್ತರಿಸುತ್ತದೆ. ಕೇಬಲ್ ಕಿತ್ತದ್ದರಿಂದಲೇ ಆಗುತ್ತಿದ್ದ ತೊಂದರೆ ಏನೂ ಇರಲಿಲ್ಲ. ಕಾಪಾಡಲು ಹೊರಟದ್ದರಿಂದ ಸೇವೆ ನಿಂತಿತು.

ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲು ಕಾವಲುಗಾರನಿಗೆ, ಸ್ವಲ್ಪ ಹೊತ್ತು ಏನನ್ನೂ ಮುಟ್ಟಬೇಡ ಎನ್ನಬೇಕಾಗುತ್ತದೆ. ಪೇಸ್‌ಮೇಕರ್‌ನಲ್ಲಿ ಇದಕ್ಕೆ ಮೇಂಟೆನೆನ್ಸ್ ಮೋಡ್ ಎನ್ನುತ್ತಾರೆ. ಒಂದೇ ಸಾಲಿನ ಆಜ್ಞೆ. ಅದನ್ನು ಕೊಟ್ಟೊಡನೆ ಕ್ಲಸ್ಟರ್ ತನ್ನ ಸುಪರ್ದಿನಲ್ಲಿದ್ದ ಎಲ್ಲದರಿಂದ ಕೈ ತೆಗೆಯುತ್ತದೆ: ಶುರು ಮಾಡದು, ನಿಲ್ಲಿಸದು, ಗಳಿಗೆಗೊಮ್ಮೆ ಮುಟ್ಟಿ ನೋಡುವುದನ್ನೂ ಬಿಡುತ್ತದೆ. ಡೇಟಾಬೇಸ್ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಹೊಸಬರಿಗೆ ಮೊದಲ ಸಲ ಇದು ನಂಬಲಾಗದ ಸಂಗತಿ. ಕ್ಲಸ್ಟರ್ ನಿಂತರೆ ಎಲ್ಲವೂ ನಿಂತಂತೆ ಎಂದೇ ಅವರು ತಿಳಿದಿರುತ್ತಾರೆ. ಆದರೆ ಡೇಟಾಬೇಸ್ ಓಡುವುದು ತನ್ನ ಸ್ವಂತ ಶಕ್ತಿಯಿಂದ, ಕಾವಲುಗಾರ ಬೇಕಾಗುವುದು ಅದು ಬಿದ್ದಾಗ. ಪೇಸ್‌ಮೇಕರ್ ತಂತ್ರಾಂಶವನ್ನೇ ಹೊಸ ಆವೃತ್ತಿಗೆ ಏರಿಸುವ ಒಂದು ವಿಧಾನವೂ ಇದನ್ನೇ ನೆಚ್ಚಿದೆ: ಮೇಂಟೆನೆನ್ಸ್ ಮೋಡ್ ಹಾಕಿ, ಎಲ್ಲ ಸರ್ವರ್‌ಗಳಲ್ಲೂ ಕಾವಲುಗಾರನನ್ನು ಪೂರ್ತಿ ಮಲಗಿಸಿ, ಹೊಸಬನನ್ನು ತಂದು ಕೂರಿಸುತ್ತಾರೆ. ಅಷ್ಟೂ ಹೊತ್ತು ಗ್ರಾಹಕರು ದುಡ್ಡು ಕಳಿಸುತ್ತಲೇ ಇರುತ್ತಾರೆ. ಎಲ್ಲ ಕಡೆಯೂ ಇದು ನಡೆಯದು ಎಂಬುದನ್ನೂ ಹೇಳಬೇಕು. ಜಿಎಫ್‌ಎಸ್2ನಂಥ ಹಂಚಿಕೆಯ ಫೈಲ್ ವ್ಯವಸ್ಥೆ, ಯಾವ ಫೈಲು ಯಾರ ಕೈಯಲ್ಲಿದೆ ಎಂಬ ಬೀಗದ ಲೆಕ್ಕಕ್ಕೆ ಕ್ಲಸ್ಟರನ್ನೇ ಅವಲಂಬಿಸಿರುತ್ತದೆ. ಅಲ್ಲಿ ಕಾವಲುಗಾರನನ್ನು ಮಲಗಿಸಿದರೆ ಮನೆಯೂ ಮಲಗುತ್ತದೆ.

ಬಿಡುವಿನಲ್ಲೂ ತರತಮಗಳಿವೆ. ಒಂದು ಡೇಟಾಬೇಸನ್ನಷ್ಟೇ ಕ್ಲಸ್ಟರ್‌ನ ಹಿಡಿತದಿಂದ ಬಿಡಿಸಬಹುದು. ಆಗ ಕಾವಲುಗಾರ ನೋಡುತ್ತಿರುತ್ತಾನೆ, ತಪ್ಪು ಕಂಡರೆ ಬರೆದಿಟ್ಟುಕೊಳ್ಳುತ್ತಾನೆ, ಆದರೆ ಕೈ ಕಟ್ಟಿರುತ್ತದೆ. ಮೇಂಟೆನೆನ್ಸ್ ಮೋಡ್‌ನಲ್ಲಿ ಕಣ್ಣನ್ನೂ ಕಟ್ಟಿದಂತೆ. ಸ್ಟ್ಯಾಂಡ್‌ಬೈ ಎನ್ನುವುದು ಇವೆರಡಕ್ಕೂ ತದ್ವಿರುದ್ಧ: ಆ ಸರ್ವರ್ ಮೇಲಿರುವ ಎಲ್ಲವನ್ನೂ ಪಕ್ಕದ ಸರ್ವರ್‌ಗೆ ಸಾಗಿಸಿ ಜಾಗ ಖಾಲಿ ಮಾಡಿಸುತ್ತದೆ. ರಾತ್ರಿ ಎರಡು ಗಂಟೆಯ ನಿದ್ದೆಗಣ್ಣಿನಲ್ಲಿ ಇವುಗಳಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತುವುದು ಬಹಳ ಸುಲಭ. ವೆರಿಟಾಸ್, ಐಬಿಎಂ, ಎಚ್‌ಪಿ ಕಂಪನಿಗಳ ಕ್ಲಸ್ಟರ್‌ಗಳಲ್ಲೂ ಇದೇ ಅನುಕೂಲ ಬೇರೆ ಬೇರೆ ಹೆಸರಿನಲ್ಲಿದೆ. ಎಲ್ಲರೂ ಬೇರೆ ಬೇರೆ ಕಡೆಯಿಂದ ಹೊರಟು ಇಲ್ಲಿಗೇ ಬಂದು ಸೇರಿದ್ದಾರೆ ಎಂದರೆ, ಸುಮ್ಮನಿರಲು ಬಾರದ ಕಾವಲು ಯಾರಿಗೂ ಪೂರ್ತಿ ಒಗ್ಗಲಿಲ್ಲ ಎಂದಾಯಿತು.

ಇಷ್ಟು ತಂತ್ರಜ್ಞಾನದ ಮಾತು. ಗೃಹಸ್ಥರಾದ ನಮ್ಮನ್ನು ಯೋಚನೆಗೆ ಹಚ್ಚುವುದು ಇನ್ನೊಂದು ಪ್ರಶ್ನೆ. ಕಾವಲುಗಾರ ಕಣ್ಣುಮುಚ್ಚಿರುವ ಆ ಒಂದೆರಡು ಗಂಟೆ ಡೇಟಾಬೇಸ್ ನಿಜಕ್ಕೂ ಬಿದ್ದರೆ? ಯಂತ್ರದ ಬಳಿ ಇದಕ್ಕೆ ಉತ್ತರವಿಲ್ಲ. ಆಜ್ಞೆ ಕೊಟ್ಟ ಮನುಷ್ಯನೇ ಉತ್ತರ. ಕಾವಲಿಗೆ ಬಿಡುವು ಕೊಟ್ಟವನು ಆ ಹೊತ್ತಿಗೆ ತಾನೇ ಕಾವಲುಗಾರನಾಗಿರುತ್ತಾನೆ, ಅದು ಅವನಿಗೆ ತಿಳಿದಿರಲಿ, ತಿಳಿಯದಿರಲಿ. ಹಾಲು ಒಲೆಯ ಮೇಲಿಟ್ಟು ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಹೋಗುವಾಗ, ಯಾರಾದ್ರೂ ಸ್ವಲ್ಪ ನೋಡ್ಕೊಳ್ಳಿ ಎಂದು ಗೋಡೆಗೆ ಹೇಳಿ ಹೋದರೆ ಹಾಲು ಉಕ್ಕುವುದು ಖಚಿತ. ಮನೆಯಲ್ಲಿ ನಾಲ್ಕು ಜನ ಇದ್ದರಂತೂ ಇನ್ನೂ ಖಚಿತ. ರೀ, ಹಾಲಿಟ್ಟಿದೀನಿ, ಇಲ್ಲಿ ಬಂದು ನಿಂತ್ಕೊಳ್ಳಿ ಎಂದು ಒಬ್ಬರನ್ನು ಕರೆದು ನಿಲ್ಲಿಸಿದರೆ ಮಾತು ಬೇರೆ.

ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು. ಎಲ್ಲ ಕಡೆಯೂ ಲೆಕ್ಕ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ಪೂರ್ವಕ್ಕೆ, ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆ ಇತ್ತು. ಬೆಂಕಿ ಬಿದ್ದರೆ ಸಮುದ್ರದ ನೀರನ್ನೇ ಎತ್ತಿ ಸುರಿಯುವ ಪಂಪುಗಳು ಅಲ್ಲಿದ್ದವು, ತಾವಾಗಿಯೇ ಶುರುವಾಗುವಂಥವು. ಆದರೆ ಕಟ್ಟೆಯ ಕಾಲುಗಳನ್ನು ನೋಡಿಕೊಳ್ಳಲು ಮುಳುಗುಗಾರರು ನೀರಿಗಿಳಿಯುತ್ತಿದ್ದರು. ಅವರು ಕೆಳಗಿರುವಾಗ ಪಂಪು ದಿಢೀರನೆ ಎದ್ದರೆ ನೀರಿನ ಸೆಳೆತ ಮನುಷ್ಯನನ್ನೂ ಎಳೆದುಕೊಳ್ಳಬಹುದು. ಅದಕ್ಕೆ ಮುಳುಗುಗಾರರು ನೀರಿನಲ್ಲಿರುವಾಗ ಪಂಪುಗಳನ್ನು ಕೈಯಿಂದಲೇ ಶುರು ಮಾಡುವ ಸ್ಥಿತಿಗೆ ತಿರುಗಿಸಿಡುವ ಪದ್ಧತಿ ಬಂತು. ಕಾವಲಿಗೆ ಬಿಡುವು ಕೊಡಲು ಇದಕ್ಕಿಂತ ಮಾನವೀಯ ಕಾರಣ ಬೇಕೇ?

1988ರ ಜುಲೈ 6ರ ರಾತ್ರಿ ಹತ್ತರ ಸುಮಾರಿಗೆ ಅಲ್ಲಿ ಸ್ಫೋಟವಾಯಿತು. ಹಗಲಿನ ಪಾಳಿಯವರು ಈ ಅಗ್ನಿಶಾಮಕ ಪಂಪುಗಳಲ್ಲದ ಬೇರೊಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆಂದು ಬಿಚ್ಚಿದ್ದರು. ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳವಷ್ಟೇ ಇತ್ತು. ಆ ಸಂಗತಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಓಡುತ್ತಿದ್ದ ಅದರ ಜೊತೆಯ ಪಂಪು ನಿಂತಾಗ ಅವರು ಕವಾಟ ಬಿಚ್ಚಿದ್ದ ಈ ಪಂಪನ್ನೇ ಶುರು ಮಾಡಿದರು; ಸ್ಫೋಟವಾದದ್ದು ಹೀಗೆ. ಬೆಂಕಿ ಎದ್ದಾಗ ಅಗ್ನಿಶಾಮಕ ಪಂಪುಗಳು ಕೈಯಿಂದ ಶುರು ಮಾಡುವ ಸ್ಥಿತಿಯಲ್ಲೇ ಇದ್ದವು. ಶುರು ಮಾಡಬೇಕಾದವರು ಪಂಪಿನ ಬಳಿಗೇ ಹೋಗಬೇಕಿತ್ತು. ಹೊಗೆ ಮತ್ತು ಬೆಂಕಿ ದಾಟಿ ಯಾರಿಗೂ ಅಲ್ಲಿಗೆ ತಲುಪಲಾಗಲಿಲ್ಲ. ಆ ದುರಂತದಲ್ಲಿ 167 ಜನ ಸತ್ತರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ 106 ಶಿಫಾರಸುಗಳನ್ನು ಮುಂದಿಟ್ಟರು.

ಪಂಪುಗಳನ್ನು ತಾವಾಗಿ ಏಳದಂತೆ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ನೀರಿನಲ್ಲಿದ್ದವರ ಜೀವವೂ ಜೀವವೇ. ಆದರೆ ಯಂತ್ರದ ಕೈಯಿಂದ ಕೆಲಸ ಕಿತ್ತುಕೊಂಡಾಗ ಅದು ಇನ್ನೊಬ್ಬರ ಕೈಗೆ ಹೋಗಲೇಬೇಕಲ್ಲ? ಪಂಪಿನ ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕಿತ್ತು, ಅಥವಾ ದೂರದಿಂದ ಒತ್ತುವ ಗುಂಡಿ ಇರಬೇಕಿತ್ತು. ಎರಡೂ ಇಲ್ಲದ ಕಡೆ ಕಾವಲಿಗೆ ಕೊಟ್ಟದ್ದು ಬಿಡುವಲ್ಲ, ವಜಾ.

ನಮ್ಮ ಲೈನ್‌ಮ್ಯಾನ್‌ಗಳಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾರೆ. ಯಾವ ಲೈನು, ಯಾರ ಹೆಸರಿನಲ್ಲಿ, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆಯಿಸುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವರೇ ಅದನ್ನು ಹಿಂದಿರುಗಿಸಬೇಕು. ಒಂದೇ ಲೈನಿಗೆ ಎರಡು ತಂಡಗಳು ಎಲ್‌ಸಿ ಪಡೆದಿದ್ದರೆ ಇಬ್ಬರದೂ ವಾಪಸಾಗುವವರೆಗೆ ಕರೆಂಟ್ ಬಿಡುವಂತಿಲ್ಲ. ಊರಿಗೆ ಊರೇ ಕತ್ತಲಲ್ಲಿ ಕೂತು ಫೋನ್ ಮೇಲೆ ಫೋನ್ ಮಾಡುತ್ತಿದ್ದರೂ, ಈಚೆ ಕಂಬದಲ್ಲಿರುವವನ ಮಾತು ಬಾರದೆ ಸ್ವಿಚ್ ಹಾಕಕೂಡದು ಎಂಬುದು ನಿಯಮ. ನಿಯಮ ಮುರಿದ ಕಡೆ ಏನಾಗುತ್ತದೆ ಎಂಬುದನ್ನು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಓದುತ್ತೇವೆ. ಮಳೆಗಾಲದಲ್ಲಿ ಕರೆಂಟ್ ತಡವಾದಾಗ ನಮ್ಮ ಸಿಟ್ಟು ಸ್ವಲ್ಪ ಇಳಿಯಲು ಇಷ್ಟು ತಿಳಿದಿದ್ದರೂ ಸಾಕು.

ಇನ್ನು ಕಾವಲನ್ನು ಮತ್ತೆ ಎಬ್ಬಿಸುವ ಮಾತು. ಹೊರಡಿಸುವುದಕ್ಕಿಂತ ಮರಳಿ ಕರೆಸುವುದೇ ನಾಜೂಕಿನ ಕೆಲಸ. ಕಾವಲುಗಾರ ಮಲಗಿದ್ದಾಗ ಮನೆಯೊಳಗೆ ಏನೇನು ಸರಿದಾಡಿತೋ ಅವನಿಗೆ ಗೊತ್ತಿಲ್ಲ. ಒಂದು ಸರ್ವರ್‌ನಲ್ಲಿದ್ದ ಡೇಟಾಬೇಸನ್ನು ಎಂಜಿನಿಯರ್ ಪರೀಕ್ಷೆಗೆಂದು ಇನ್ನೊಂದರಲ್ಲೂ ಶುರು ಮಾಡಿ ನಿಲ್ಲಿಸದೆ ಬಿಟ್ಟಿದ್ದ ಎನ್ನಿ. ಒಂದೇ ಕಡೆ ಇರಬೇಕಾದದ್ದು ಎರಡು ಕಡೆ ಕಂಡರೆ ಪೇಸ್‌ಮೇಕರ್ ಸಾಮಾನ್ಯವಾಗಿ ಎರಡನ್ನೂ ನಿಲ್ಲಿಸಿ, ಆಮೇಲೆ ಒಂದು ಕಡೆ ಹೊಸದಾಗಿ ಶುರು ಮಾಡುತ್ತದೆ. ರಾತ್ರಿಯಿಡೀ ಜೋಪಾನ ಮಾಡಿದ ಸೇವೆ ಕೆಲಸ ಮುಗಿದ ಮೇಲೆ, ಆಜ್ಞೆ ಹಿಂತೆಗೆದ ಕ್ಷಣದಲ್ಲಿ ಬೀಳುವುದು ಹೀಗೆ.

ಇದಕ್ಕೆ ಪೇಸ್‌ಮೇಕರ್ ಮಾಡಿದವರು ಒಂದು ಒಳ್ಳೆಯ ಉಪಾಯ ಕೊಟ್ಟಿದ್ದಾರೆ. ಮೊದಲು ಕಾವಲುಗಾರನಿಂದ ಇಡೀ ಮನೆ ಒಮ್ಮೆ ಸುತ್ತಿಸಿ, ಯಾವುದು ಎಲ್ಲಿದೆ ಎಂದು ಹೊಸದಾಗಿ ನೋಡಿಸಬಹುದು. ಅಷ್ಟಾದ ಮೇಲೆ, ಅಧಿಕಾರ ಕೊಡುವ ಮುನ್ನ, ಈಗ ನಿನ್ನ ಕೈಗೆ ಬಿಟ್ಟರೆ ಏನು ಮಾಡುತ್ತೀಯ ಎಂದು ಕೇಳಬಹುದು. ಕೆಲಸ ಮಾಡದೆ, ಮಾಡಬಹುದಾದದ್ದನ್ನಷ್ಟೇ ಅದು ಪಟ್ಟಿ ಮಾಡಿ ತೋರಿಸುತ್ತದೆ. ಮಾಡುವುದೇನೂ ಇಲ್ಲ ಎಂದರೆ ನಿಶ್ಚಿಂತೆಯಿಂದ ಬಿಡುವು ಮುಗಿಸಬಹುದು. ಇದನ್ನು ಕಿತ್ತು ಅಲ್ಲಿಗೆ ಹಾಕುತ್ತೇನೆ ಎಂದರೆ ಅವಸರ ಬೇಡ, ಇನ್ನೊಮ್ಮೆ ನೋಡಿ. ವರ್ಷಗಟ್ಟಲೆ ದುಬೈಯಲ್ಲೋ ದೆಹಲಿಯಲ್ಲೋ ಇದ್ದು ಮನೆಗೆ ಮರಳಿದ ಯಜಮಾನರಿಗೂ ಬಂದ ದಿನವೇ ಅಂಗಡಿಯ ಬೀಗದಕೈ ಕೊಡುವ ಬದಲು ಈ ಪ್ರಶ್ನೆ ಕೇಳುವ ಸಂಪ್ರದಾಯ ಇದ್ದಿದ್ದರೆ ಎಷ್ಟೋ ಅಣ್ಣತಮ್ಮಂದಿರು ಮಾತು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ನಿಜವಾಗಿ ಹೆಚ್ಚು ನಡೆಯುವ ಪ್ರಮಾದ ಬಲು ಸಾದಾ: ಮರೆವು. ತೇಪೆ ಹಾಕಿಯಾಯಿತು, ಎಲ್ಲವೂ ಓಡುತ್ತಿದೆ, ಬೆಳಗಿನ ನಾಲ್ಕು ಗಂಟೆ. ಎಂಜಿನಿಯರ್ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತಾನೆ. ಮೇಂಟೆನೆನ್ಸ್ ಮೋಡ್ ಹಾಗೇ ಉಳಿಯುತ್ತದೆ. ಮರುದಿನ ಯಾರೂ ಗಮನಿಸುವುದಿಲ್ಲ, ಏಕೆಂದರೆ ದೂರೇ ಇಲ್ಲ. ಅದರ ಮರುದಿನವೂ ಇಲ್ಲ. ಕಾವಲುಗಾರನಿಗೆ ಕಣ್ಣು ಕಟ್ಟಿರುವುದರಿಂದ ಎಚ್ಚರಿಕೆಯ ಗಂಟೆಗಳೂ ಮೌನ. ಆರೋಗ್ಯವಾಗಿರುವ ಕ್ಲಸ್ಟರ್ ಕೂಡ ಹೀಗೇ ಮೌನವಾಗಿರುತ್ತದೆ. ಎಂದೋ ಒಂದು ದಿನ ಸರ್ವರ್ ನಿಜವಾಗಿ ಬಿದ್ದಾಗ, ಎರಡರಷ್ಟು ದುಡ್ಡು ಕೊಟ್ಟು ಕೊಂಡ ಜೋಡಿ ಯಂತ್ರ ಪಕ್ಕದಲ್ಲೇ ನಿಂತು ಸುಮ್ಮನೆ ನೋಡುತ್ತಿರುತ್ತದೆ. ಅದರದೇನೂ ತಪ್ಪಿಲ್ಲ, ಸುಮ್ಮನಿರು ಎಂದಿದ್ದೇವೆ.

ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಮನೆಗಳ ಹುಡುಗ ಹುಡುಗಿಯರು ಇದನ್ನು ಚೆನ್ನಾಗಿ ಬಲ್ಲರು. ಅವರ ಪಾಳಿ ಬದಲಾಗುವ ಹೊತ್ತಿಗೆ ಕಿವಿಗೊಟ್ಟರೆ, ಮೇಡಂ, ಕ್ಲಸ್ಟರ್ ಮೇಂಟೆನೆನ್ಸ್‌ನಲ್ಲಿದೆ, ಆರು ಗಂಟೆವರೆಗೆ ನನ್ನ ಹೆಸರಲ್ಲಿದೆ, ಆಮೇಲೆ ನಿಮ್ಮದು ಎಂಬ ಮಾತು ಕೇಳಬಹುದು. ಸರಿ ಕಣಪ್ಪ, ನಾನು ತಗೊಂಡೆ ಎಂದು ಆ ಕಡೆಯಿಂದ ಉತ್ತರ ಬರುವವರೆಗೆ ಹುಡುಗ ಕುರ್ಚಿ ಬಿಟ್ಟು ಏಳುವುದಿಲ್ಲ. ತಗೊಂಡೆ ಎನ್ನುವುದನ್ನು ಬಾಯಿಬಿಟ್ಟು ಹೇಳಿಸಿಕೊಳ್ಳುವ ಈ ಹಟ ಮೊದಲು ಅತಿ ಎನಿಸುತ್ತದೆ. ಪೈಪರ್ ಆಲ್ಫಾದ ಎರಡು ಪಾಳಿಗಳ ನಡುವೆ ತಪ್ಪಿಹೋದದ್ದು ಇಂಥದೇ ಒಂದು ಮಾತು.

ಮರೆವಿಗೆ ಪರಿಹಾರವಾಗಿ ಕೆಲವರು ಗಡಿಯಾರ ಕಟ್ಟುತ್ತಾರೆ: ಎರಡು ಗಂಟೆ ಕಳೆದರೆ ಬಿಡುವು ತಾನಾಗಿ ಮುಗಿಯಲಿ ಎಂದು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕೆಲಸ ಹೇಳಿದ ಹೊತ್ತಿಗೆ ಮುಗಿಯದಿದ್ದಾಗ, ಎಂಜಿನಿಯರನ ಕೈ ಇನ್ನೂ ಯಂತ್ರದೊಳಗೆ ಇರುವಾಗಲೇ ಕಾವಲುಗಾರ ಎದ್ದು ಬಂದರೆ ನಾವು ಮೊದಲಿದ್ದ ಜಾಗಕ್ಕೇ ಮರಳಿದಂತಾಯಿತು. ಎಲ್‌ಸಿಯನ್ನು ಗಡಿಯಾರ ನೋಡಿ ಯಾರೂ ಹಿಂದಿರುಗಿಸುವುದಿಲ್ಲ. ಗಡಿಯಾರ ಇರಲಿ, ಆದರೆ ಅದು ಕಾವಲುಗಾರನನ್ನು ಎಬ್ಬಿಸುವ ಬದಲು ಬಿಡುವು ಕೊಟ್ಟವರ ಫೋನಿಗೆ ಕರೆ ಮಾಡಲಿ. ಎತ್ತದಿದ್ದರೆ ಅವರ ಮೇಲಿನವರಿಗೆ ಮಾಡಲಿ. ಬೆಳಗಿನ ಜಾವ ಎಬ್ಬಿಸಿದ್ದಕ್ಕೆ ಅವರು ಗೊಣಗಿದರೆ ಗೊಣಗಲಿ, ಕಾಫಿ ಕುಡಿದ ಮೇಲೆ ಸರಿಹೋಗುತ್ತಾರೆ.